ಕರಾವಳಿಯ ಕಾಲೇಜು ಹೋರಾಟ ಮಧ್ಯಾಹ್ನದ ಬಸ್ಸಿಗೇ ಯಾಕೆ ಮುಗಿಯುತ್ತದೆ?

ವಿದ್ಯಾರ್ಥಿ ಹೋರಾಟ ಅಂದ ಕೂಡಲೇ ಟಿವಿಯಲ್ಲಿ ಕಂಡ ದೆಹಲಿಯ ಜೆಎನ್‌ಯು ನೆನಪಾಗುತ್ತದೆ. ಆಡಳಿತ ಕಚೇರಿಯ ಮೆಟ್ಟಿಲ ಮೇಲೆ ರಾತ್ರಿಯಿಡೀ ಕೂತ ಹುಡುಗರು, ತಮಟೆ, ಹಾಡು, ವಾರಗಟ್ಟಲೆ ಧರಣಿ. ಉತ್ತರ ಕನ್ನಡದಲ್ಲಿ ಅಂಥದ್ದು ಅಪರೂಪ. ಹಾಗಂತ ಇಲ್ಲಿಯ ಹುಡುಗರು ಸುಮ್ನೆ ಕೂತಿದ್ದಾರೆ ಅಂತಲ್ಲ. ಪತ್ರಿಕೆಗಳ ಜಿಲ್ಲಾ ಪುಟ ತೆರೆದು ನೋಡಿ. ಬಸ್ ನಿಲ್ಲಿಸುತ್ತಿಲ್ಲ ಅಂತ ರಸ್ತೆ ತಡೆ, ಉಪನ್ಯಾಸಕರಿಲ್ಲ ಅಂತ ಗೇಟಿನ ಮುಂದೆ ಧರಣಿ, ಫಲಿತಾಂಶ ಬಂದಿಲ್ಲ ಅಂತ ತಹಶೀಲ್ದಾರರಿಗೆ ಮನವಿ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಇವು ಜಾಸ್ತಿ ಆಗುತ್ತವೆ. ಹೆಚ್ಚಿನವು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಮಧ್ಯಾಹ್ನ ಊಟದ ಹೊತ್ತು ಕಳೆಯುವಷ್ಟರಲ್ಲಿ ಮುಗಿದಿರುತ್ತವೆ.

ಇದನ್ನು ನೋಡಿ ನಗುವವರಿದ್ದಾರೆ. 'ಫೋಟೋ ಹೋರಾಟ' ಅಂತ ಕರೆಯುವವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹುಡುಗರಲ್ಲಿ ಸಿಟ್ಟು ಕಡಿಮೆಯಾಗಿ ಹೋರಾಟ ಬೇಗ ಮುಗಿಯುವುದಲ್ಲ. ಅವರ ಎದುರಿಗೆ ಬಂದು ನಿಲ್ಲುವ ಯಾರ ಕೈಯಲ್ಲೂ ಆ ಕೆಲಸ ಮಾಡಿಕೊಡುವ ಸಹಿ ಇರುವುದಿಲ್ಲ. ಸಹಿ ಇರುವವರು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ.

ಕಳೆದ ಸೆಮಿಸ್ಟರ್‌ನಲ್ಲಿ ಇಂಥ ಒಂದು ಧರಣಿಯನ್ನು ಬೆಳಿಗ್ಗೆಯಿಂದ ಕೊನೆಯವರೆಗೂ ನೋಡಿದೆ. ಕರಾವಳಿಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹೆಸರು ಬೇಡ. ಅಕ್ಕನ ಮಗಳು ಅಲ್ಲಿ ಬಿ.ಕಾಂ. ಎರಡನೇ ವರ್ಷ. ಹಿಂದಿನ ರಾತ್ರಿ ಫೋನ್ ಮಾಡಿ, "ಮಾವ, ನಾಳೆ ಕಾಲೇಜಲ್ಲಿ ಸ್ಟ್ರೈಕ್ ಅದೆ. ಮನವಿ ಬರೀಲಿಕ್ಕೆ ಯಾರಿಗೂ ಬರೂದಿಲ್ಲ, ನೀನು ಬಾ" ಅಂದಳು. ಹೋದೆ.

ನಾನು ಹೋಗುವಷ್ಟರಲ್ಲಿ ಮನವಿ ಬರೆಯುವ ಕೆಲಸ ಶುರುವಾಗಿತ್ತು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಸುತ್ತ ಎಂಟು ಹತ್ತು ಮಂದಿ. ಅಂಗಡಿಯವನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದಾನೆ, ಇವರು ಒಬ್ಬರ ಮೇಲೊಬ್ಬರು ಬೇಡಿಕೆ ಹೇಳುತ್ತಿದ್ದಾರೆ. ಎರಡು ವಿಷಯಕ್ಕೆ ಅತಿಥಿ ಉಪನ್ಯಾಸಕರು ಇನ್ನೂ ಬಂದಿಲ್ಲ, ಪರೀಕ್ಷೆ ಹತ್ತಿರ ಬಂತು. ಇದು ಮೊದಲನೆಯದು, ನಿಜವಾದದ್ದೂ ಇದೇ. ಆಮೇಲೆ ಸ್ಕಾಲರ್‌ಶಿಪ್ ಬಂದಿಲ್ಲ. ಸಂಜೆ ಬಸ್ ನಿಲ್ಲಿಸುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಕೆಟ್ಟು ಎಷ್ಟೋ ದಿನವಾಯಿತು. ಗ್ರಂಥಾಲಯದಲ್ಲಿ ಹೊಸ ಸಿಲೆಬಸ್ಸಿನ ಪುಸ್ತಕ ಇಲ್ಲ. ಕ್ಯಾಂಟೀನ್ ಇಲ್ಲ. ಗ್ಯಾದರಿಂಗ್‌ಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ದುಡ್ಡು ತೆಗೆದುಕೊಂಡಿದ್ದಾರೆ, ಗ್ಯಾದರಿಂಗ್ ಮಾಡಿಲ್ಲ. ಪಟ್ಟಿ ಬೆಳೆಯುತ್ತಲೇ ಹೋಯಿತು.

ಒಬ್ಬಳು ಹುಡುಗಿ ಮಾತ್ರ ಹಟ ಹಿಡಿದು ನಿಂತಿದ್ದಳು. "ಹನ್ನೊಂದು ಬರೆದ್ರೆ ಹನ್ನೊಂದನ್ನೂ ಬಿಡ್ತಾರೆ. ಮೂರು ಬರೆಯುವಾ" ಅಂತ. ಬಹಳ ಜಾಣತನದ ಮಾತು. ಆದರೆ ನಲ್ಲಿ ಬಿಟ್ಟರೆ ಹೆಣ್ಣುಮಕ್ಕಳು ಕೂರುವುದಿಲ್ಲ, ಬಸ್ ಬಿಟ್ಟರೆ ಹಳ್ಳಿಯ ಹುಡುಗರು ಕೂರುವುದಿಲ್ಲ. ಕೊನೆಗೆ ಒಂಬತ್ತು ಬೇಡಿಕೆ ಉಳಿದವು.

ಸಹಿ ಹಾಕುವ ಹಾಳೆ ನೋಡಬೇಕಿತ್ತು. ಫುಲ್‌ಸ್ಕೇಪ್ ಹಾಳೆಯಲ್ಲಿ ಮೂರು ಕಾಲಂ: ಹೆಸರು, ರಿಜಿಸ್ಟರ್ ನಂಬರ್, ಸಹಿ. ಮೊದಲ ಹತ್ತು ಸಾಲು ಸರಿಯಾಗಿ ತುಂಬಿತ್ತು. ಅಲ್ಲಿಂದ ಮುಂದೆ ನಂಬರಿನ ಕಾಲಂ ಖಾಲಿ. ಇನ್ನೂ ಕೆಳಗೆ ಹೋದ ಹಾಗೆ ಹೆಸರೂ ಪೂರ್ತಿ ಇಲ್ಲ, ಬರೀ 'ಬಿ.ಎ. 3' ಅಂತ ಬರೆದು ಪಕ್ಕದಲ್ಲಿ ಓದಲಾಗದ ಒಂದು ಗೀಚು. ಯಾಕೆ ಅಂತ ಕೇಳಿದೆ. "ಇಂಟರ್ನಲ್ಸ್ ಅದೆ ಅಲ್ವಾ ಸರ್" ಅಂದ ಒಬ್ಬ, ನಗುತ್ತಾ.

ನಕ್ಕರೂ ಅದು ತಮಾಷೆಯಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ನಮ್ಮ ಪದವಿ ಕಾಲೇಜುಗಳಿಗೆ ಬಂದಾಗ 100ಕ್ಕೆ 40 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಹೋಯಿತು. ಆ ಅಂಕ ಕೊಡುವವರು ಅದೇ ಕಾಲೇಜಿನ ಉಪನ್ಯಾಸಕರು. ಈಗ ಆಂತರಿಕ ಅಂಕದ ಪಾಲು ಇಳಿದಿದೆ, ಆದರೆ ಭಯ ಇಳಿದಿಲ್ಲ. ಹಾಜರಾತಿಯೂ ಅವರ ಕೈಯಲ್ಲೇ. ಹೋರಾಟಕ್ಕೆ ಕೂತವನ ಅಂಕವನ್ನು ಉಪನ್ಯಾಸಕರು ನಿಜವಾಗಿಯೂ ಕಡಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರು ಹಾಗೆ ಮಾಡುವವರಲ್ಲ. ಆದರೆ ಕಡಿಯಬಹುದು ಅನ್ನುವ ಯೋಚನೆಯೊಂದೇ ಸಾಕು, ರಿಜಿಸ್ಟರ್ ನಂಬರ್ ಕಾಲಂ ಖಾಲಿಯಾಗಲು.

ಹತ್ತೂವರೆಗೆ ಗೇಟಿನ ಒಳಗೆ ಕೂತರು. ಒಳಗೇ, ಯಾಕೆಂದರೆ ಪಿಎಸ್‌ಐ ಮೊದಲೇ ಬಂದು ಹೇಳಿ ಹೋಗಿದ್ದರು: "ಘೋಷಣೆ ಎಷ್ಟು ಬೇಕಾದ್ರೂ ಕೂಗಿ, ಹೈವೇಗೆ ಕಾಲಿಟ್ರೆ ಮಾತ್ರ ಕೇಸು." ಕರಾವಳಿಯ ಕಾಲೇಜುಗಳ ಬಹುಪಾಲು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ಇವೆ, ಇಲ್ಲಾ ಕೂಗಳತೆಯ ದೂರದಲ್ಲಿವೆ. ಹೆದ್ದಾರಿಗೆ ಇಳಿದರೆ ಅರ್ಧ ಗಂಟೆಯಲ್ಲಿ ಇಡೀ ಜಿಲ್ಲೆಗೆ ಸುದ್ದಿ. ಇಳಿಯದಿದ್ದರೆ ಗೇಟಿನ ಒಳಗೆ ಕೂಗಿದ್ದು ಗೇಟಿನ ಒಳಗೇ ಉಳಿಯುತ್ತದೆ. ಈ ಲೆಕ್ಕ ಹುಡುಗರಿಗೂ ಗೊತ್ತು, ಪೊಲೀಸರಿಗೂ ಗೊತ್ತು.

ಕೇಸಿನ ಭಯ ನಮ್ಮಲ್ಲಿ ಬೇರೆ ಕಡೆಗಿಂತ ಒಂದು ಕೈ ಹೆಚ್ಚು. ಕಾರವಾರದ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಸೀಬರ್ಡ್ ನೌಕಾನೆಲೆ ಇದೆ. ಕಾಯಂ ನೌಕರಿ ಇರಲಿ, ಗುತ್ತಿಗೆ ಕೆಲಸಕ್ಕೆ ಗೇಟ್ ಪಾಸ್ ಬೇಕಾದರೂ ಪೊಲೀಸ್ ವೆರಿಫಿಕೇಶನ್ ಆಗಬೇಕು. ನೌಕಾನೆಲೆಗೆ ಭೂಮಿ ಕೊಟ್ಟು ಎದ್ದು ಬಂದ ಮನೆಗಳಲ್ಲಿ ಈಗಿನ ತಲೆಮಾರಿನ ಆಸೆಯೇ ಆ ಗೇಟ್ ಪಾಸು. ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಮಗನನ್ನು ಕಾಯುತ್ತಿದ್ದ ಒಬ್ಬರು ನನ್ನ ಹತ್ತಿರ ಅಂದರು: "ಕೂಗ್ಲಿ, ಬೇಡ ಅಂತಿಲ್ಲ. ಹೆಸರು ಬರೂದು ಬೇಡ. ಒಂದು ಎಫ್‌ಐಆರ್ ಬಿದ್ರೆ ಮುಗೀತು ಕಥೆ." ಅವರನ್ನು ಹೇಡಿ ಅನ್ನಲು ನನಗೆ ಮನಸ್ಸಿಲ್ಲ.

ಹನ್ನೊಂದರ ಸುಮಾರಿಗೆ ತಾಲ್ಲೂಕು ಕೇಂದ್ರದಿಂದ ಒಂದು ವಿದ್ಯಾರ್ಥಿ ಸಂಘಟನೆಯ ನಾಲ್ಕು ಜನ ಬಂದರು. ಕೈಯಲ್ಲಿ ಮೈಕ್, ಬಾವುಟ. ಹುಡುಗರಲ್ಲಿ ಗುಸುಗುಸು. ಬಾವುಟ ಬೇಡ ಅಂತ ಕೆಲವರು, ಬಾವುಟ ಇಲ್ಲದಿದ್ದರೆ ಪತ್ರಿಕೆಯವರು ಬರುವುದಿಲ್ಲ ಅಂತ ಕೆಲವರು. ಎರಡನೆಯವರು ಹೇಳಿದ್ದು ನಿಜವಾಗಿತ್ತು. ಸಂಘಟನೆಯವರ ಫೋನಿನಲ್ಲಿ ವರದಿಗಾರರ ನಂಬರ್ ಇತ್ತು, ಶಾಸಕರ ಆಪ್ತ ಸಹಾಯಕರ ನಂಬರ್ ಇತ್ತು. ಕಾಲೇಜಿನ ಹುಡುಗರ ಹತ್ತಿರ ಇದ್ದದ್ದು ವಾಟ್ಸ್‌ಆ್ಯಪ್ ಗ್ರೂಪು ಮಾತ್ರ. ಬಾವುಟ ಉಳಿಯಿತು. "ಬೇಕೇ ಬೇಕು" ಅಂತ ಮೈಕಿನಲ್ಲಿ, "ನ್ಯಾಯ ಬೇಕು" ಅಂತ ಕೆಳಗಿನಿಂದ. ಮುಂದಿನ ಒಂದು ಗಂಟೆ ಚೆನ್ನಾಗಿಯೇ ನಡೆಯಿತು.

ಪ್ರಾಂಶುಪಾಲರು ಹೊರಗೆ ಬಂದು ಕೈ ಮುಗಿದರು. "ಮಕ್ಕಳೇ, ನಾನೇ ವಾರಕ್ಕೆ ಇಷ್ಟು ಕ್ಲಾಸ್ ತಗೊಳ್ತಾ ಇದ್ದೇನೆ. ನೇಮಕ ಮಾಡೋ ಅಧಿಕಾರ ನನಗೆಲ್ಲಿದೆ ಹೇಳಿ?" ಸುಳ್ಳು ಹೇಳಲಿಲ್ಲ ಅವರು. ಹನ್ನೆರಡೂವರೆಗೆ ತಹಶೀಲ್ದಾರರ ಪರವಾಗಿ ಕಚೇರಿಯ ಒಬ್ಬರು ಬಂದು ಮನವಿ ತೆಗೆದುಕೊಂಡರು. "ಮೇಲಿನವರಿಗೆ ಕಳಿಸಿಕೊಡ್ತೇವೆ." ಫೋಟೋ ಆಯಿತು. ಒಂದು ಗಂಟೆಗೆ ಹಳ್ಳಿ ಕಡೆಯ ಮೊದಲ ಬಸ್, ಅದು ತಪ್ಪಿದರೆ ಮೂರೂವರೆಗೆ. ಅರ್ಧ ಜನ ಚೀಲ ಎತ್ತಿಕೊಂಡು ಓಡಿದರು. ಉಳಿದವರು ಮೂರೂವರೆವರೆಗೆ ಅಲ್ಲಿ ಇಲ್ಲಿ ಕೂತು ಹೊರಟರು.

ಈಗ ಆ ಮನವಿ ಎಲ್ಲಿಗೆ ಹೋಗುತ್ತದೆ ನೋಡೋಣ. ಹೋರಾಟದ ಸೋಲು ಗೆಲುವು ಇರುವುದೇ ಆ ದಾರಿಯಲ್ಲಿ.

ಮೊದಲು ಅತಿಥಿ ಉಪನ್ಯಾಸಕರ ವಿಷಯ. ರಾಜ್ಯದಲ್ಲಿ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರು 10 ಸಾವಿರಕ್ಕೂ ಹೆಚ್ಚು. ಹೆಸರಿಗೆ ಅತಿಥಿ ಅಷ್ಟೇ, ಎಷ್ಟೋ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಡೆಯುವುದೇ ಇವರಿಂದ. ಪ್ರತಿ ವರ್ಷ ಕಾಲೇಜು ತನ್ನ ಕಾರ್ಯಭಾರದ ಲೆಕ್ಕ ಮೇಲೆ ಕಳಿಸಬೇಕು. ಇಲಾಖೆ ಅರ್ಜಿ ಕರೆಯಬೇಕು, ಪಟ್ಟಿ ಮಾಡಬೇಕು, ಆನ್‌ಲೈನ್ ಕೌನ್ಸೆಲಿಂಗ್ ನಡೆಸಬೇಕು. ಆಮೇಲೆ ಅವರು ಬಂದು ಸೇರಬೇಕು. ಇದರಲ್ಲಿ ಎಲ್ಲಿ ತಡವಾದರೂ ಕೊನೆಗೆ ಖಾಲಿ ಕೂರುವುದು ತರಗತಿ. ಪ್ರಾಂಶುಪಾಲರು ಒಬ್ಬರನ್ನು ಕರೆದು 'ನಾಳೆಯಿಂದ ಬನ್ನಿ' ಅನ್ನುವ ಹಾಗಿಲ್ಲ. ನಮ್ಮಂಥ ಕಡೆ ಇನ್ನೊಂದು ತೊಡಕೂ ಇದೆ. ಕೌನ್ಸೆಲಿಂಗ್‌ನಲ್ಲಿ ಘಟ್ಟದ ಕೆಳಗಿನ ಸಣ್ಣ ಊರು ಸಿಕ್ಕರೆ ಎಷ್ಟೋ ಮಂದಿ ಬರುವುದೇ ಇಲ್ಲ. ಆ ಸಂಬಳದಲ್ಲಿ ಮನೆ ಬಾಡಿಗೆ ಕೊಟ್ಟು ಬದುಕುವುದು ಕಷ್ಟ.

ಅತಿಥಿ ಉಪನ್ಯಾಸಕರ ಹೋರಾಟವೂ ಇದೇ ಗೇಟಿನಲ್ಲೇ ನಡೆದಿದೆ. 2022ರ ಜನವರಿಯವರೆಗೆ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11 ಅಥವಾ 13 ಸಾವಿರ ರೂಪಾಯಿ. ತರಗತಿ ಬಹಿಷ್ಕಾರದ ನಂತರ ಅದು 26ರಿಂದ 32 ಸಾವಿರಕ್ಕೆ ಏರಿತು. ಆದರೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದರು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. 2023ರ ನವೆಂಬರ್‌ನಲ್ಲಿ ಸೇವಾ ಖಾಯಮಾತಿ ಕೇಳಿ ಮತ್ತೆ ಬಹಿಷ್ಕಾರ ಶುರುವಾಗಿ ಹೊಸ ವರ್ಷದವರೆಗೂ ಎಳೆಯಿತು. ಕನಿಷ್ಠ 5 ಸಾವಿರ ರೂಪಾಯಿ ಗೌರವಧನ ಹೆಚ್ಚಳ, 5 ಲಕ್ಷದ ವಿಮೆ ಸಿಕ್ಕಿತು, ಖಾಯಮಾತಿ ಸಿಗಲಿಲ್ಲ. ಆ ವಾರಗಳಲ್ಲಿ ವಿದ್ಯಾರ್ಥಿಗಳ ಪಾಡು ವಿಚಿತ್ರವಾಗಿತ್ತು. ಪಾಠ ಇಲ್ಲ ಅಂತ ಕೂಗಿದರೆ ಮೇಷ್ಟ್ರ ವಿರುದ್ಧ ಕೂಗಿದ ಹಾಗೆ. ಮೇಷ್ಟ್ರ ಪರ ಕೂತರೆ ಪಾಠ ಇನ್ನಷ್ಟು ದಿನ ಇಲ್ಲ. ಬಹಳ ಕಡೆ ಹುಡುಗರು ಮೇಷ್ಟ್ರ ಪಕ್ಕದಲ್ಲೇ ಹೋಗಿ ಕೂತರು. ನನಗೆ ಅದು ದೊಡ್ಡ ಮಾತು ಅನ್ನಿಸುತ್ತದೆ.

ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ ಇವೆಲ್ಲ ಇನ್ನೊಂದು ದಾರಿ. ನಮ್ಮ ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು ಸೇರಿರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. 1949ರಲ್ಲಿ ಮುಂಬೈ ಪ್ರಾಂತ್ಯದ ಕಾಲದಲ್ಲಿ ಹುಟ್ಟಿದ ಹಳೆಯ ವಿಶ್ವವಿದ್ಯಾಲಯ. ಕಾರವಾರದ ಕೋಡಿಬಾಗದಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಇದೆ, ಅಲ್ಲಿಯ ಕಡಲ ಜೀವಶಾಸ್ತ್ರ ವಿಭಾಗ ಹೆಸರುವಾಸಿ. ಆದರೆ ಪರೀಕ್ಷೆಯ ವ್ಯವಹಾರ ನೋಡುವ ಮೌಲ್ಯಮಾಪನ ಕುಲಸಚಿವರು ಕೂರುವುದು ಧಾರವಾಡದ ಗುಡ್ಡದ ಮೇಲೆ. ಕಾರವಾರದಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹೋದರೆ 150 ಕಿಲೋಮೀಟರ್ ಮೇಲೆ. ಭಟ್ಕಳದವರಿಗೆ ಇನ್ನೂ ದೂರ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ, ಒಂದು ವಿಷಯದ ಅಂಕ ಗೈರುಹಾಜರಿ ಅಂತ ಬಂದಿದ್ದರೂ, ಕಾಲೇಜಿನ ಗುಮಾಸ್ತರ ಕೈಯಲ್ಲಿ ಆಗದಿದ್ದರೆ ಒಂದು ಹಗಲು ಒಂದು ರಾತ್ರಿಯ ಕೆಲಸ. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿ, ಕರಾವಳಿಯ ಒಂದು ಊರಿಂದ ಪಕ್ಕದ ಊರಿಗೆ ಹೋಗುವುದೇ ದೊಡ್ಡ ಸಾಹಸವಾಗಿತ್ತು.

ಇದರ ಮೇಲೆ ಪದ್ಧತಿಗಳ ಗೊಂದಲ. 2021ರಿಂದ ಮೂರು ಬ್ಯಾಚ್ ರಾಷ್ಟ್ರೀಯ ನೀತಿಯಲ್ಲಿ ಸೇರಿದವು, ಬೇಕಿದ್ದರೆ ನಾಲ್ಕನೇ ವರ್ಷವೂ ಓದಬಹುದು ಅನ್ನುವ ಲೆಕ್ಕದಲ್ಲಿ. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಕಾಲೇಜಿನಲ್ಲಿ ಅಣ್ಣನಿಗೆ ಒಂದು ಸಿಲೆಬಸ್, ತಂಗಿಗೆ ಇನ್ನೊಂದು. ಪ್ರವೇಶ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಅನ್ನುವ ಒಂದೇ ಪೋರ್ಟಲ್ ಮೂಲಕ. ಪೋರ್ಟಲ್‌ನಲ್ಲಿ ಏನಾದರೂ ಸಿಕ್ಕಿಕೊಂಡರೆ ಯಾರ ಮುಂದೆ ಕೂಗಬೇಕು? ಕಾಲೇಜು ವಿಶ್ವವಿದ್ಯಾಲಯವನ್ನು ತೋರಿಸುತ್ತದೆ, ವಿಶ್ವವಿದ್ಯಾಲಯ ಪೋರ್ಟಲ್‌ನ್ನು ತೋರಿಸುತ್ತದೆ. ಪೋರ್ಟಲ್‌ಗೆ ಗೇಟೇ ಇಲ್ಲ, ಎಲ್ಲಿ ಹೋಗಿ ಕೂರೋದು?

ಹತ್ತಿರದಲ್ಲೊಂದು ವಿಶ್ವವಿದ್ಯಾಲಯ ಇದ್ದಿದ್ದರೆ ಅಂತ ಕೆಲವರು ಹೇಳುತ್ತಾರೆ. ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು ಹೀಗೆ ಹಲವು ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯ ಬಂದಾಗ ನಮ್ಮ ಜಿಲ್ಲೆ ಪಟ್ಟಿಯಲ್ಲಿ ಇರಲಿಲ್ಲ. 2025ರಲ್ಲಿ ಅವುಗಳನ್ನೇ ಮುಚ್ಚುವ ಇಲ್ಲವೇ ವಿಲೀನ ಮಾಡುವ ಮಾತು ಸರ್ಕಾರದಲ್ಲೇ ಬಂತು. ದುಡ್ಡಿಲ್ಲದ, ಕಾಯಂ ಸಿಬ್ಬಂದಿ ಇಲ್ಲದ ಬೋರ್ಡು ಹತ್ತಿರ ಇದ್ದರೆ ಏನು ಬಂತು? ನನಗಂತೂ ಅದರಲ್ಲಿ ಹೆಚ್ಚು ನಂಬಿಕೆ ಇಲ್ಲ.

ಬಸ್ಸಿನ ಹೋರಾಟ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 10,291 ಚದರ ಕಿಲೋಮೀಟರ್ ಹರಡಿದ, ಬಹುಪಾಲು ಕಾಡೇ ಇರುವ ಜಿಲ್ಲೆ ಇದು. 2011ರ ಜನಗಣತಿಯಲ್ಲಿ 14.37 ಲಕ್ಷ ಜನ. ಇಲ್ಲಿ ಕಾಲೇಜು ಅಂದರೆ ಮೊದಲು ಬಸ್ಸು, ಆಮೇಲೆ ಪಾಠ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ತುಂಬಿದವು. ಹೆಣ್ಣುಮಕ್ಕಳಿಗೆ ಕಾಲೇಜಿಗೆ ಹೋಗುವ ಖರ್ಚು ಉಳಿಯಿತು, ಅದು ಸಣ್ಣ ವಿಷಯವಲ್ಲ. ಆದರೆ ದೂರದಿಂದ ಬರುವ ಬಸ್ಸು ಹಳ್ಳಿಯ ಸ್ಟಾಪಿಗೆ ಬರುವಾಗಲೇ ಕಾಲಿಡಲು ಜಾಗ ಇರುವುದಿಲ್ಲ, ಚಾಲಕ ನಿಲ್ಲಿಸದೇ ಹೋಗುತ್ತಾನೆ. ಆಗ ಹುಡುಗರು ರಸ್ತೆಗೆ ಅಡ್ಡ ನಿಲ್ಲುತ್ತಾರೆ. ಘಟಕ ವ್ಯವಸ್ಥಾಪಕರು ಜೀಪು ಹತ್ತಿ ಬರುತ್ತಾರೆ. ಅವರ ಕೈಯಲ್ಲಿ ಬಸ್ಸಿದೆ, ಚಾಲಕರಿದ್ದಾರೆ, ವೇಳಾಪಟ್ಟಿ ಇದೆ. ಒಂದು ಟ್ರಿಪ್ ಹಿಂದೆ ಮುಂದೆ ಮಾಡಬಹುದು, ಒಂದು ಕಡೆ ಕೋರಿಕೆ ನಿಲುಗಡೆ ಕೊಡಬಹುದು. ದೊಡ್ಡ ತೀರ್ಮಾನಕ್ಕೆ ಶಿರಸಿಯ ವಿಭಾಗೀಯ ಕಚೇರಿ ಇದೆ, ಫೋನ್ ಮಾಡಿದರೆ ಅಲ್ಲಿಂದಲೂ ಉತ್ತರ ಬರುತ್ತದೆ. ಹಾಗಾಗಿ ಬಸ್ಸಿನ ಹೋರಾಟ ಎಷ್ಟೋ ಸಲ ಅದೇ ವಾರ ಗೆಲ್ಲುತ್ತದೆ. ಮುಂದಿನ ವರ್ಷ ಅದೇ ಸ್ಟಾಪಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ, ಅದು ಬೇರೆ ಮಾತು.

ನಾನು ಹೇಳಿದ ಕಾಲೇಜಿನಲ್ಲೂ ಹಾಗೇ ಆಯಿತು. ಒಂಬತ್ತು ಬೇಡಿಕೆಯಲ್ಲಿ ಮೊದಲು ಈಡೇರಿದ್ದು ಬಸ್ಸು, ಎರಡನೆಯದು ನಲ್ಲಿ. ಎರಡೂ ಸ್ಥಳೀಯರ ಕೈಯಲ್ಲಿದ್ದವು. ಒಬ್ಬ ಅತಿಥಿ ಉಪನ್ಯಾಸಕರು ಪರೀಕ್ಷೆಗೆ ಸ್ವಲ್ಪ ಮುಂಚೆ ಬಂದರು. ಇನ್ನೊಂದು ವಿಷಯಕ್ಕೆ ಯಾರೂ ಬರಲಿಲ್ಲ. ಹುಡುಗರು ಯೂಟ್ಯೂಬ್ ನೋಡಿ ಪರೀಕ್ಷೆ ಬರೆದರು.

ಹೋರಾಟ ಉದ್ದಕ್ಕೆ ನಡೆಯಬೇಕಾದರೆ ಏನೇನು ಬೇಕು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಶಿರಸಿಯ ಅರಣ್ಯ ಕಾಲೇಜು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜು ಅದು. ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಇದ್ದ ಶೇ 75ರ ಪಾಲನ್ನು 50ಕ್ಕೆ ಇಳಿಸುವ ಪ್ರಶ್ನೆ ಬಂದಾಗ ಶಿರಸಿಯವರೂ ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ತರಗತಿ ಬಿಟ್ಟು ಧರಣಿ ಕೂತರು. ಒಂದು ದಿನದ ಮಾತಲ್ಲ, ದಿನಗಟ್ಟಲೆ. ಅವರಿಗೆ ಅದು ಸಾಧ್ಯವಾದದ್ದಕ್ಕೆ ಕಾರಣ ನನಗೆ ಕಾಣುವುದು ಹೀಗೆ. ಅವರು ಹಾಸ್ಟೆಲಿನವರು, ಸಂಜೆ ಬಸ್ಸು ಹಿಡಿಯಬೇಕಿಲ್ಲ. ಎಲ್ಲರದ್ದೂ ಒಂದೇ ಕೋರ್ಸು, ಎಲ್ಲರಿಗೂ ತಗಲುವ ಪೆಟ್ಟು ಒಂದೇ. ಬೇಡಿಕೆಯೂ ಒಂದೇ, ಅದನ್ನು ತೀರ್ಮಾನಿಸುವ ಇಲಾಖೆಯೂ ಒಂದೇ. ಅದೇ ಬಿ.ಎ., ಬಿ.ಕಾಂ. ಕಾಲೇಜಿನಲ್ಲಿ ನಾಲ್ಕೂವರೆಯ ಮೇಲೆ ವಾಚ್‌ಮನ್ ಬಿಟ್ಟರೆ ಯಾರೂ ಇರುವುದಿಲ್ಲ. ಕ್ಯಾಂಪಸ್ ಅನ್ನುವುದೇ ಸಂಜೆಗೆ ಕರಗಿ ಹೋಗುತ್ತದೆ. ರಾತ್ರಿ ಧರಣಿ ಕೂರಲು ಯಾರು ಉಳಿಯಬೇಕು? ಮೀನುಗಾರರ ಮನೆಯ ಹುಡುಗನಿಗೆ ಸಂಜೆ ಬಂದರಿನಲ್ಲಿ ಕೆಲಸ ಇರುತ್ತದೆ. ಹಾಲಕ್ಕಿಯವರ ಮನೆಯ ಹುಡುಗಿ ಕತ್ತಲಾಗುವ ಮೊದಲು ಮನೆ ಸೇರಬೇಕು.

ಹಾಗೆ ನೋಡಿದರೆ ಈ ಜಿಲ್ಲೆಗೆ ಹೋರಾಟ ಹೊಸದಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲಾದಲ್ಲಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆ ಮರ ಅಪ್ಪಿಕೊಂಡು ನಿಂತವರಲ್ಲಿ ಮುಂದಾಳುತನ ವಹಿಸಿದ್ದು ಊರಿನ ಯುವಕ ಮಂಡಳಿ. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ಕಾಲೇಜು ತಂದ ದಿನಕರ ದೇಸಾಯಿಯವರೇ ರೈತ ಹೋರಾಟಕ್ಕಾಗಿ ಜಿಲ್ಲೆಯಿಂದ ಗಡಿಪಾರಾಗಿದ್ದವರು. ಗಡಿಪಾರಾದವರು ಕಟ್ಟಿದ ಕಾಲೇಜುಗಳಲ್ಲಿ ಓದುವ ಹುಡುಗರು ರಿಜಿಸ್ಟರ್ ನಂಬರ್ ಬರೆಯಲು ಹೆದರುತ್ತಾರೆ ಅಂದರೆ, ಹುಡುಗರನ್ನು ಬೈದು ಪ್ರಯೋಜನ ಇಲ್ಲ.

ಇತ್ತೀಚಿನದೂ ಇದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆಗ ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕು, 'ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ' ಅನ್ನುವ ಕೂಗು ಟ್ವಿಟರ್‌ನಲ್ಲಿ ಎದ್ದಿತು, ಅದನ್ನು ಎಬ್ಬಿಸಿದ್ದು ಹೆಚ್ಚಾಗಿ ಕಿರಿಯರೇ. ಅಲ್ಲಿ ಹಾಜರಾತಿ ಇಲ್ಲ, ಇಂಟರ್ನಲ್ಸ್ ಇಲ್ಲ, ಬಸ್ಸಿನ ಹೊತ್ತಿನ ಗಡಿಬಿಡಿ ಇಲ್ಲ. ಮಂತ್ರಿಗಳು ಬಂದರು, ಭರವಸೆ ಸಿಕ್ಕಿತು. ಆಸ್ಪತ್ರೆಯ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಫೋನಿನ ಹೋರಾಟಕ್ಕೆ ವೇಗ ಇದೆ. ಆದರೆ ಆರು ತಿಂಗಳ ಬಳಿಕ ಕಚೇರಿಗೆ ಹೋಗಿ 'ಏನಾಯ್ತು ಸ್ವಾಮಿ' ಅಂತ ಕೇಳುವವರು ಯಾರು ಅನ್ನುವುದು ಅಲ್ಲಿ ತೀರ್ಮಾನವಾಗಿರುವುದಿಲ್ಲ.

ಆ ಕೇಳುವವರೇ ನಮ್ಮ ಕಾಲೇಜುಗಳಲ್ಲಿ ಇಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು 1989-90ರ ಸುಮಾರಿಗೆ. ಹೊಡೆದಾಟ ಜಾಸ್ತಿಯಾಯಿತು ಅನ್ನುವುದು ಕಾರಣ. ಅದು ಪೂರ್ತಿ ಸುಳ್ಳು ಕಾರಣವೂ ಅಲ್ಲ, ಆ ಕಾಲದವರನ್ನು ಕೇಳಿದರೆ ಸೈಕಲ್ ಚೈನಿನ ಕಥೆ ಹೇಳುತ್ತಾರೆ. ಈಗ ಜಿ.ಎಸ್. (ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿ), ಯು.ಆರ್. (ವಿಶ್ವವಿದ್ಯಾಲಯ ಪ್ರತಿನಿಧಿ) ಅಂತ ಹೆಸರು ಉಳಿದಿದೆ. ಹೆಚ್ಚಿನ ಕಡೆ ಅಂಕ ನೋಡಿ ಆರಿಸುತ್ತಾರೆ, ಇಲ್ಲವೇ ಮೇಷ್ಟ್ರು ಹೆಸರಿಸುತ್ತಾರೆ. ಗ್ಯಾದರಿಂಗ್‌ನಲ್ಲಿ ವರದಿ ಓದುವುದು, ಅತಿಥಿಗಳಿಗೆ ಹಾರ ಹಾಕುವುದು ಅವರ ಕೆಲಸ. ನಾನು ಹೋದ ದಿನ ಆ ಕಾಲೇಜಿನ ಜಿ.ಎಸ್. ಧರಣಿಗೆ ಬಂದಿರಲಿಲ್ಲ. ಅವನ ತಪ್ಪೇನೂ ಇಲ್ಲ. ಅವನನ್ನು ಆರಿಸಿದವರು ಹುಡುಗರಲ್ಲ. ಜಾಗ ಖಾಲಿ ಇದ್ದಲ್ಲಿಗೆ ಬಾವುಟದವರು ಬಂದರು. ಸಂಘಟನೆಗಳನ್ನು ಬೈಯುವುದು ಸುಲಭ, ಆದರೆ ಅವರು ಬಾರದಿದ್ದರೆ ಅವತ್ತು ಮೈಕೂ ಇರುತ್ತಿರಲಿಲ್ಲ, ಸುದ್ದಿಯೂ ಬರುತ್ತಿರಲಿಲ್ಲ. ತೊಂದರೆ ಇರುವುದು ಬೇರೆ ಕಡೆ. ಬಾವುಟದವರು ನಾಳೆ ಇನ್ನೊಂದು ಕಾಲೇಜಿಗೆ ಹೋಗಬೇಕು. ಈ ಕಾಲೇಜಿನ ಒಂಬತ್ತು ಬೇಡಿಕೆ ಅವರ ತಲೆಯಲ್ಲಿ ಎಷ್ಟು ದಿನ ಇರುತ್ತದೆ?

ಚುನಾವಣೆ ಮತ್ತೆ ತರುವ ಮಾತು ಈಚೆಗೆ ರಾಜ್ಯದಲ್ಲಿ ಎದ್ದಿದೆ. ತಂದರೆ ಹೇಗಿರಬೇಕು ಅನ್ನುವುದಕ್ಕೆ ಹೊಸ ಸಮಿತಿಯೇ ಬೇಕಿಲ್ಲ. ಜೆ.ಎಂ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಒಪ್ಪಿಕೊಂಡಿದೆ. ಅಭ್ಯರ್ಥಿಯೊಬ್ಬ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ. ಹಾಜರಾತಿ ಶೇ 75 ಇರಬೇಕು, ಹಳೆಯ ವಿಷಯ ಬಾಕಿ ಇರಬಾರದು. ಕಾಲೇಜು ಶುರುವಾಗಿ ಆರರಿಂದ ಎಂಟು ವಾರದೊಳಗೆ ಚುನಾವಣೆ ಮುಗಿಯಬೇಕು. ಕಾಗದದ ಮೇಲೆ ಚೆನ್ನಾಗಿದೆ. ಕರಾವಳಿಯಲ್ಲಿ ಆ ಆರೆಂಟು ವಾರ ಅಂದರೆ ಜಡಿಮಳೆಯ ಕಾಲ, ರಜೆ ಘೋಷಣೆಯ ಕಾಲ. ಉಪನ್ಯಾಸಕರೇ ಬಾರದ ವಿಷಯಕ್ಕೆ ಹಾಜರಾತಿ ಶೇ 75 ಲೆಕ್ಕ ಹಾಕುವುದು ಹೇಗೆ ಅಂತಲೂ ಯಾರಾದರೂ ಹೇಳಬೇಕು. ಜಾತಿ, ಧರ್ಮದ ಗುಂಪುಗಾರಿಕೆ ಬರುವುದಿಲ್ಲವೇ ಅಂತ ಕೇಳಿದರೆ, ಬರಬಹುದು. ಈಗ ಇಲ್ಲ ಅಂತ ಯಾರು ಹೇಳಿದ್ದು? ಆಯ್ಕೆಯಾದವನು ಕೊನೆಪಕ್ಷ ತನ್ನ ಹೆಸರು, ನಂಬರ್ ಬರೆದು ಸಹಿ ಹಾಕಲೇಬೇಕಾಗುತ್ತದೆ. ಉಳಿದ ಇನ್ನೂರು ಜನ ಹೆದರುವ ಕೆಲಸ ಅದು.

ಚುನಾವಣೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರದ ನಿಯಮ ಹೊರಡಿಸಿದೆ. ಪ್ರತಿ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು. ಹಿರಿಯ ಅಧ್ಯಾಪಕರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು. ವಿದ್ಯಾರ್ಥಿ ಪ್ರತಿನಿಧಿಯೂ ವಿಶೇಷ ಆಹ್ವಾನಿತರಾಗಿ ಕೂರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದಲ್ಲಿ ದೂರು ವಿಚಾರಿಸುವ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅವರು ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಹಿಂದೆ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಆಗಿರಬೇಕು, 30 ದಿನದಲ್ಲಿ ತೀರ್ಮಾನಿಸಬೇಕು. ತಹಶೀಲ್ದಾರರಿಗೆ ಕೊಟ್ಟ ಮನವಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮನವಿಗೆ ಗಡುವು ಇಲ್ಲ, ಇದಕ್ಕೆ ಗಡುವು ಇದೆ. ಅಂಕಪಟ್ಟಿ ತಡ, ಫಲಿತಾಂಶ ತಡ, ಹೆಚ್ಚುವರಿ ಶುಲ್ಕ, ಸ್ಕಾಲರ್‌ಶಿಪ್ ತಡ ಎಲ್ಲವೂ ಈ ನಿಯಮದ ಒಳಗೆ ಬರುತ್ತವೆ. ಅತಿಥಿ ಉಪನ್ಯಾಸಕರನ್ನು ಅದು ತಂದುಕೊಡುವುದಿಲ್ಲ, ಅಷ್ಟು ಶಕ್ತಿ ಅದಕ್ಕಿಲ್ಲ. ಆದರೆ ಇಷ್ಟು ವಾರ ಇಂಥ ವಿಷಯಕ್ಕೆ ಪಾಠ ನಡೆದಿಲ್ಲ ಅಂತ ಕಾಲೇಜೇ ಬರೆದುಕೊಟ್ಟ ಒಂದು ದಾಖಲೆ ಹುಟ್ಟುತ್ತದೆ. ಆ ದಾಖಲೆ ಕೈಯಲ್ಲಿದ್ದರೆ ಪರೀಕ್ಷೆ ಮುಂದೂಡಲು ಕೇಳುವ ಮಾತಿಗೂ ತೂಕ ಬರುತ್ತದೆ, ಪತ್ರಿಕೆಯವರಿಗೆ ಕೊಡಲೂ ಏನಾದರೂ ಇರುತ್ತದೆ.

ಧರಣಿಯಾದ ಸ್ವಲ್ಪ ದಿನಕ್ಕೆ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಮೂರೇ ಬೇಡಿಕೆ ಬರೆಯೋಣ ಅಂದಿದ್ದ ಆ ಹುಡುಗಿಯನ್ನೂ ಕರೆದುಕೊಂಡು ಆಫೀಸಿಗೆ ಹೋಗಿ, ನಮ್ಮ ಕಾಲೇಜಿನ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ದಾಳೆ. ಗುಮಾಸ್ತರು ಫೈಲ್ ಹುಡುಕಿದರಂತೆ. ಪಟ್ಟಿ ಸಿಕ್ಕಿತು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮಾಡಿದ್ದು. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿ ಅಂತ ಇದ್ದ ಹುಡುಗ ಪಾಸಾಗಿ ಹೋಗಿ ಎಷ್ಟೋ ಕಾಲವಾಗಿದೆ. ಹೊಸ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿ ಅಂತ ಇಬ್ಬರೂ ಒಂದು ಅರ್ಜಿ ಬರೆದು, ಈ ಸಲ ರಿಜಿಸ್ಟರ್ ನಂಬರ್ ಹಾಕಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದಾರೆ.